ಪೈಪಿನ ಬಟ್ಟಲು: ಮಣ್ಣಿನಿಂದ ಮರಕ್ಕೆ

ಹೊಗೆಸೊಪ್ಪು ಎಲ್ಲಿಂದ ಬಂದಿತು, ಯಾರು ತಂದರು, ಯಾವ ದೊರೆ ಅದನ್ನು ನಿಷೇಧಿಸಿದನು ಎಂಬುದನ್ನೆಲ್ಲ ಇತಿಹಾಸಕಾರರು ವಿಸ್ತಾರವಾಗಿ ಬರೆದಿದ್ದಾರೆ. ಸೇದಿ ಮುಗಿದ ಮೇಲೆ ಪೈಪಿನ ಬಟ್ಟಲಲ್ಲಿ ಉಳಿಯುವ ಬೂದಿ, ಕರಿ, ಜಿಡ್ಡುಗಳನ್ನು ಜನರು ಹೇಗೆ ತೆಗೆಯುತ್ತಿದ್ದರೆಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ಇದು ಕ್ಷುಲ್ಲಕ ವಿಷಯವೆಂದು ವಾಚಕರಿಗೆ ತೋರಬಹುದು. ಆದರೆ ಒಂದು ವಸ್ತುವನ್ನು ಜನ ಬಿಸಾಡುತ್ತಿದ್ದರೇ, ಜೋಪಾನ ಮಾಡುತ್ತಿದ್ದರೇ ಎಂಬುದು ಅದನ್ನು ಶುಚಿಮಾಡುವ ರೀತಿಯಿಂದಲೇ ತಿಳಿಯುತ್ತದೆ. ಲೆಕ್ಕದ ಪುಸ್ತಕದವರ ಮಾತಿನಲ್ಲಿ ಹೇಳುವುದಾದರೆ, ಮಣ್ಣಿನ ಪೈಪು ಖರ್ಚಿನ ಬಾಬಿಗೆ ಸೇರಿದ್ದು. ಮರದ ಪೈಪು ಆಸ್ತಿಯ ಬಾಬಿಗೆ. ಆಸ್ತಿ ಎಂದ ಮೇಲೆ ಸವಕಳಿಯೂ ಉಂಟು, ದುರಸ್ತಿಯೂ ಉಂಟು.

ಈ ಕಥೆಯ ಒಂದು ಎಳೆ ನಮ್ಮ ನಾಡಿನಲ್ಲಿಯೂ ಇದೆ. ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಇಬ್ರಾಹಿಂ ಆದಿಲ್‌ಶಹನ ಆ ರಾಜಧಾನಿಯಲ್ಲಿ ಹೊಗೆಸೊಪ್ಪನ್ನು ಮೊದಲ ಬಾರಿಗೆ ಕಂಡನು. 1604ರ ಸುಮಾರಿಗೆ ಹಿಂದಿರುಗುವಾಗ ಅದನ್ನು ಕೊಂಡೊಯ್ದು, ಮೂರು ಮೊಳ ಉದ್ದದ, ರತ್ನಖಚಿತವಾದ ಕೊಳವೆಯೊಡನೆ ಬಾದಶಹನಿಗೆ ಅರ್ಪಿಸಿದನು. ವೈದ್ಯನು ಬೇಡವೆಂದರೂ ಅಕ್ಬರನು ಒಂದೆರಡು ಬಾರಿ ಎಳೆದು ನೋಡಿದನೆಂದು ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಬಾದಶಹನಿಗೆ ಅದು ಹಿಡಿಸಲಿಲ್ಲ, ಸರದಾರರಿಗೆ ಹಿಡಿಸಿತು. 1617ರಲ್ಲಿ ಜಹಾಂಗೀರನು ನಿಷೇಧ ಹೊರಡಿಸಬೇಕಾಯಿತೆಂದರೆ ಚಟವು ಎಷ್ಟು ಬೇಗ ಹಬ್ಬಿತೆಂಬುದನ್ನು ಊಹಿಸಬಹುದು.

ಇತ್ತ ಇಂಗ್ಲೆಂಡಿನಲ್ಲಿ ಅದೇ ಕಾಲಕ್ಕೆ ಬಿಳಿಯ ಜೇಡಿಮಣ್ಣಿನ ಪೈಪು ಬಳಕೆಗೆ ಬಂದಿತ್ತು. ಸೊಪ್ಪು ದುಬಾರಿಯಾಗಿದ್ದಾಗ ಬಟ್ಟಲು ಹೆಬ್ಬೆರಳ ತುದಿಯೂ ಹಿಡಿಸದಷ್ಟು ಚಿಕ್ಕದಾಗಿತ್ತು. ಬೆಲೆ ಇಳಿದಂತೆ ಬಟ್ಟಲು ಹಿರಿದಾಯಿತು. ಇದನ್ನು ಶುಚಿಮಾಡುವ ಕ್ರಮ ಬಹು ಸರಳ. ಹೋಟೆಲು, ಪಾನಗೃಹಗಳವರು ಕರಿಹಿಡಿದ ಪೈಪುಗಳನ್ನು ಕಬ್ಬಿಣದ ತೊಟ್ಟಿಲಿನಂತಹ ಚೌಕಟ್ಟಿನಲ್ಲಿ ಜೋಡಿಸಿ ಒಲೆಯೊಳಗೆ ಇಡುತ್ತಿದ್ದರು. ಒಳಗಿನ ಕರಿಯೆಲ್ಲ ಸುಟ್ಟುಹೋಗಿ ಪೈಪು ಮತ್ತೆ ಬೆಳ್ಳಗಾಗುತ್ತಿತ್ತು. ಯಾರ ಪೈಪು ಯಾರ ಬಾಯಿಗೆ ಹೋಗುತ್ತಿತ್ತೋ ದೇವರೇ ಬಲ್ಲ. ಮುರಿದರೆ ಬೀದಿಗೆ. ಹಾಗೆ ಬೀದಿಗೆ ಬಿದ್ದ ಚೂರುಗಳೇ ಇಂದು ಸಂಶೋಧಕರಿಗೆ ಪಂಚಾಂಗವಾಗಿವೆ. ಕಾಲಕ್ರಮದಲ್ಲಿ ಕೊಳವೆಯ ರಂಧ್ರ ಕಿರಿದಾಗುತ್ತ ಬಂದುದನ್ನು ಅಮೆರಿಕದ ಹ್ಯಾರಿಂಗ್ಟನ್ ಎಂಬವರು 1954ರಲ್ಲಿ ತೋರಿಸಿಕೊಟ್ಟರು: 1620ರಿಂದ 1650ರ ಅವಧಿಯಲ್ಲಿ ಅಂಗುಲದ 64ರಲ್ಲಿ 8 ಭಾಗದಷ್ಟಿದ್ದುದು, 1750ರ ನಂತರ 64ರಲ್ಲಿ 4 ಭಾಗಕ್ಕೆ ಇಳಿದಿತ್ತು.

ಮರದ ಪೈಪಿಗೆ ಈ ಅಗ್ನಿಸ್ನಾನ ಸಾಧ್ಯವಿಲ್ಲ. ಮರದಲ್ಲಿ ಬೆಂಕಿಯನ್ನಿಟ್ಟು ಮರ ಸುಡದಂತೆ ನೋಡಿಕೊಳ್ಳುವುದೇ ದೊಡ್ಡ ಸಮಸ್ಯೆಯಾಗಿತ್ತು. ಅದಕ್ಕೆ ಉತ್ತರ ದೊರೆತುದು ಫ್ರಾನ್ಸಿನ ಜೂರಾ ಬೆಟ್ಟಗಳ ಸೇಂಟ್ ಕ್ಲೋಡ್ ಎಂಬ ಊರಿನಲ್ಲಿ. ಯಾತ್ರಾಸ್ಥಳವಾದ ಆ ಊರಿನ ಚರಕಿ ಹಿಡಿಯುವ ಬಡಗಿಗಳು ಮೊದಲು ಜಪಮಣಿಗಳನ್ನೂ ಮರದ ಸಾಮಾನುಗಳನ್ನೂ ಮಾಡಿ ಯಾತ್ರಿಕರಿಗೆ ಮಾರುತ್ತಿದ್ದರು. ಬಳಿಕ ಮರದ ಪೈಪಿಗೆ ಕೈಹಾಕಿದರು. ಸಾಮಾನ್ಯ ಮರಗಳು ಬೆಂಕಿಗೆ ತಾಳಲಿಲ್ಲ. 1850ರ ದಶಕದಲ್ಲಿ ಮೆಡಿಟರೇನಿಯನ್ ತೀರದ ಬ್ರಯರ್ ಎಂಬ ಪೊದೆಗಿಡದ ಬುಡದ ಗಂಟು ಅವರ ಕೈಗೆ ಬಂದಿತು. ಇದು ಮುಳ್ಳುಗುಲಾಬಿಯ ಜಾತಿಯಲ್ಲ. ಫ್ರೆಂಚಿನ ‘ಬ್ರುಯೇರ್’ ಇಂಗ್ಲಿಷರ ಬಾಯಲ್ಲಿ ಬ್ರಯರ್ ಆಯಿತು, ಅಷ್ಟೆ. ಒಣ ಬಂಡೆನೆಲದಲ್ಲಿ ಗಿಡವು ನೆಲಮಟ್ಟದಲ್ಲಿ ಬೆಳೆಸಿಕೊಳ್ಳುವ ಈ ಗಂಟು ಕಲ್ಲಿನಂತೆ ಗಟ್ಟಿ, ಬೆಂಕಿಗೆ ಬೇಗ ಮಣಿಯದು. ಅದನ್ನು ತುಂಡರಿಸಿ, ಒಗರು ರಸ ಹೋಗುವವರೆಗೆ ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿ, ಆಮೇಲೆ ಕೊರೆಯುತ್ತಾರೆ. ಲಂಡನ್ನಿನಲ್ಲಿ 1907ರಲ್ಲಿ ಹೊಗೆಸೊಪ್ಪಿನ ಅಂಗಡಿ ತೆರೆದು ಬ್ರಯರ್ ಪೈಪಿಗೆ ಹೆಸರು ತಂದ ಆಲ್‌ಫ್ರೆಡ್ ಡನ್‌ಹಿಲ್ ಮೊದಲು ಮೋಟಾರು ಸವಾರರ ಸಾಮಾನು ಮಾರುತ್ತಿದ್ದವನು!

ಆದರೆ ಬ್ರಯರ್ ಕೂಡ ಒಂಟಿಯಾಗಿ ಬೆಂಕಿಯನ್ನು ಎದುರಿಸಲಾರದು. ಸೇದಿದಂತೆಲ್ಲ ಬಟ್ಟಲಿನ ಒಳಗೋಡೆಗೆ ಕರಿಯ ಪದರವೊಂದು ಕೂಡುತ್ತದೆ. ಮರಕ್ಕೂ ಕೆಂಡಕ್ಕೂ ನಡುವೆ ನಿಲ್ಲುವ ಕವಚ ಅದೇ. ಆದುದರಿಂದಲೇ ಹೊಸ ಪೈಪನ್ನು ಮೊದಲು ಮೂರನೆಯ ಒಂದು ಪಾಲು, ಆಮೇಲೆ ಅರ್ಧ, ಆಮೇಲೆ ಪೂರ್ತಿ ತುಂಬಿಸಿ ಪಳಗಿಸುವ ವಾಡಿಕೆ ಬೆಳೆಯಿತು. ಈ ಪದರ ನಾಣ್ಯದಷ್ಟು ದಪ್ಪವಿದ್ದರೆ ಹಿತ. ಮೀರಿದರೆ ಕಾದಾಗ ಹಿಗ್ಗಿ ಒಳಗಿನಿಂದ ಮರವನ್ನು ಒತ್ತುತ್ತದೆ, ಬಟ್ಟಲು ಸೀಳುತ್ತದೆ. ಮಣ್ಣಿನ ಪೈಪಿನಲ್ಲಿ ಕರಿ ಬರಿಯ ಕೊಳೆ. ಮರದ ಪೈಪಿನಲ್ಲಿ ಅದು ರಕ್ಷಕನೂ ಹೌದು, ಶತ್ರುವೂ ಹೌದು. ಅದಕ್ಕಾಗಿ ಹೆರೆಯುವ ಉಪಕರಣಗಳು ಹುಟ್ಟಿದವು. ಚಾಕುವಿನ ಮೊನೆಯಿಂದ ಕೆರೆದು ಬಟ್ಟಲಿನ ತಳವನ್ನೇ ತೂತು ಮಾಡಿದವರೂ ಇದ್ದಾರೆ. ಸೇದಿದ ಪೈಪಿಗೆ ಒಂದು ದಿನವಾದರೂ ವಿಶ್ರಾಂತಿ ಕೊಡುವುದು, ಬಿಸಿಯಿರುವಾಗ ಕೊಳವೆಯನ್ನು ಕೀಳದಿರುವುದು, ಕಲ್ಲಿಗೆ ಬಡಿದು ಬೂದಿ ಉದುರಿಸದಿರುವುದು, ಇವೆಲ್ಲ ಮರ ಕಲಿಸಿದ ಶಿಸ್ತು. ಷರ್ಲಾಕ್ ಹೋಮ್ಸನಿಗೆ ಈ ಶಿಸ್ತು ಇರಲಿಲ್ಲ. 1892ರಲ್ಲಿ ಪ್ರಕಟವಾದ ಇಂಜಿನಿಯರನ ಹೆಬ್ಬೆರಳಿನ ಕಥೆಯಲ್ಲಿ ಅವನು ಹಿಂದಿನ ದಿನದ ಅರೆಸುಟ್ಟ ಸೊಪ್ಪನ್ನು ಒಣಗಿಸಿಟ್ಟು ಬೆಳಿಗ್ಗೆ ತಿಂಡಿಗೆ ಮೊದಲು ಸೇದುತ್ತಾನೆ. ಪತ್ತೇದಾರಿಕೆಯಲ್ಲಿ ಅವನನ್ನು ಅನುಸರಿಸಬಹುದು, ಇದರಲ್ಲಿ ಬೇಡ.

ಎಷ್ಟೇ ಶುಚಿಯಾಗಿಟ್ಟರೂ ಪೈಪಿನ ಹೊಗೆ ಹೊಗೆಯೇ. ಸಿಗರೇಟಿಗಿಂತ ಪೈಪು ಸಾಧುವೆಂಬ ನಂಬಿಕೆ ಬಹುಕಾಲ ನಡೆದುಬಂದಿತ್ತು. 1964ರ ಅಮೆರಿಕ ಸರ್ಕಾರದ ವೈದ್ಯಕೀಯ ವರದಿಯು ಪೈಪು ಸೇದುವುದಕ್ಕೂ ತುಟಿಯ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಸ್ಪಷ್ಟವಾಗಿ ಹೇಳಿತು. ಬಟ್ಟಲಿನ ಕರಿಯನ್ನು ಹೆರೆಯಬಹುದು, ಶ್ವಾಸಕೋಶದ್ದನ್ನು ಹೆರೆಯುವ ಉಪಕರಣ ಇನ್ನೂ ಬಂದಿಲ್ಲ.

ಹೀಗಿದ್ದೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಹಿರಿಯರ ವಸ್ತುಗಳು ಉಳಿದಿರುವುದೇ ಕಡಿಮೆ. ಮನೆ ಬದಲಿಸಿದಂತೆಲ್ಲ ಒಂದೊಂದಾಗಿ ಕಳೆದುಹೋಗುತ್ತವೆ. ರೈಲ್ವೆಯಲ್ಲೋ ಸೈನ್ಯದಲ್ಲೋ ಇದ್ದ ತಾತನವರ ಪೈಪೊಂದು ಟ್ರಂಕಿನ ತಳದಲ್ಲಿ ಸಿಕ್ಕಿದರೆ, ಅದನ್ನು ಹೊಸದರಂತೆ ಮಾಡುವ ಉತ್ಸಾಹದಲ್ಲಿ ಮರಳುಕಾಗದ ಹಿಡಿಯಬೇಡಿರಿ. ನೀರಿನಲ್ಲಿ ನೆನೆಹಾಕಲೂಬೇಡಿರಿ, ಮರ ಉಬ್ಬುತ್ತದೆ. ಅಂಚಿನಲ್ಲಿರುವ ಹಲ್ಲಿನ ಗುರುತು, ಒಂದು ಪಕ್ಕ ಹೆಚ್ಚು ಕಪ್ಪಾದ ಬಾಯಿ, ಅವರು ಯಾವ ಕೈಯಿಂದ ಕಡ್ಡಿ ಗೀರುತ್ತಿದ್ದರೆಂಬುದನ್ನು ಹೇಳುವ ಗುರುತುಗಳು. ಅವು ಒಮ್ಮೆ ಹೋದರೆ ಹೋದಂತೆಯೇ. ಸಡಿಲವಾದ ಕರಿಯನ್ನು ಮಾತ್ರ ಮೊಂಡಾದ ಚಮಚದ ಹಿಡಿಯಿಂದ ಮೆಲ್ಲಗೆ ಹೆರೆದು, ಬಟ್ಟಲಿಗೆ ಹತ್ತಿ ತುಂಬಿ, ಔಷಧದ ಅಂಗಡಿಯ ಸ್ಪಿರಿಟ್ಟನ್ನು ಕೆಲವು ತೊಟ್ಟು ಹನಿಸಿ, ಒಲೆ ದೀಪಗಳಿಂದ ದೂರದಲ್ಲಿ ಒಂದು ರಾತ್ರಿ ಇಡಿರಿ. ಹೊರಮೈಗೆ ಸ್ಪಿರಿಟ್ಟು ತಾಗಿದರೆ ಮೆರುಗು ಹೋಗುತ್ತದೆ, ಎಚ್ಚರ. ಇದು ಇಟ್ಟುಕೊಳ್ಳುವ ಪೈಪಿಗೆ ಹೇಳಿದ ಕ್ರಮವೇ ಹೊರತು ಸೇದುವ ಪೈಪಿಗಲ್ಲ. ಆ ಸ್ಪಿರಿಟ್ಟು ಬಾಯಿಗೆ ಹೋಗತಕ್ಕದ್ದಲ್ಲ. ಬೆಳಿಗ್ಗೆ ಹತ್ತಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ತೆಗೆದೊಗೆದು, ಪೈಪನ್ನು ಎರಡು ದಿನ ನೆರಳಲ್ಲಿ ಆರಿಸಿ, ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು.