ಬಾಗಿಲು ತಟ್ಟಿದವರು

ನಮ್ಮ ಕೋಲಾರದ ಕಡೆ ಕಾಯಿಲೆ ಕೈಮೀರಿತು ಎನ್ನಿಸಿದರೆ ಜನ ಹೇಳುವ ಮಾತು ಒಂದೇ: “ವೆಲ್ಲೂರಿಗೆ ಕರ್ಕೊಂಡ್ಹೋಗಿ.” ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಆಂಬೂರು, ಗುಡಿಯಾತಂ ದಾಟಿ ಕಾಟ್ಪಾಡಿಯಲ್ಲಿ ಇಳಿಯುವುದು. ನಮ್ಮ ಅತ್ತೆಯವರಿಗೆ ಹೊಟ್ಟೆಯಲ್ಲಿ ಗಡ್ಡೆಯಾದಾಗ ನಾವೂ ಹಾಗೆಯೇ ಹೋದೆವು. ಆಸ್ಪತ್ರೆಯ ಎದುರು ಬೀದಿಯಲ್ಲಿ ಒಂದು ಬಾಡಿಗೆ ಕೋಣೆ, ಸೀಮೆಎಣ್ಣೆ ಸ್ಟೋವು, ಹದಿನೆಂಟು ದಿನ ಗಂಜಿ. ಪಕ್ಕದ ಕೋಣೆಯಲ್ಲಿ ಚಿಂತಾಮಣಿಯ ಒಂದು ಮುಸ್ಲಿಂ ಕುಟುಂಬವಿತ್ತು. ಆ ಮನೆಯ ಸೊಸೆ ಒಂದು ಸಂಜೆ ಕೇಳಿದಳು: “ಇಷ್ಟು ದೊಡ್ಡ ಆಸ್ಪತ್ರೆ ಯಾರು ಕಟ್ಸಿದ್ದು ಅಕ್ಕಾ?” ಒಬ್ಬ ಹೆಂಗಸು ಎಂದೆ. ಅವಳು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿ, “ಯಾಕಂತೆ?” ಎಂದಳು.

‘ಹೇಗೆ’ ಎಂದು ಕೇಳುವವರು ಬಹಳ. ‘ಯಾಕೆ’ ಎಂದು ಕೇಳಿದವಳು ಅವಳೊಬ್ಬಳೇ. ಅಂದು ಅವಳಿಗೆ ಹೇಳಿದ ಕಥೆಯನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಇಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ರಾಣಿಪೇಟೆಯಲ್ಲಿ. ಅಮೆರಿಕದ ಮಿಷನರಿ ಮನೆತನ. ತಾತ ಜಾನ್ ಸ್ಕಡರ್ 1819ರಲ್ಲೇ ವೈದ್ಯ ಮಿಷನರಿಯಾಗಿ ಸಿಲೋನಿಗೆ ಬಂದವರು. ಮಕ್ಕಳು, ಮೊಮ್ಮಕ್ಕಳೆಲ್ಲ ಅದೇ ದಾರಿ. ಇಂಥ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಆ ದಾರಿಯೇ ಬೇಡವಾಗಿತ್ತು. ಏಳೆಂಟು ವರ್ಷದವರಿದ್ದಾಗ 1876-78ರ ಭೀಕರ ಕ್ಷಾಮವನ್ನು ಕಣ್ಣಾರೆ ಕಂಡು, ಹಸಿದ ಮಕ್ಕಳಿಗೆ ಪುಟ್ಟ ಕೈಗಳಿಂದ ರೊಟ್ಟಿ ಹಂಚಿದ್ದ ನೆನಪು ಅವರಿಗಿತ್ತು. ಆ ಸಂಕಟ ಇನ್ನು ಸಾಕು, ಅಮೆರಿಕದಲ್ಲೇ ಓದಿ, ಅಲ್ಲೇ ಮದುವೆಯಾಗಿ ಸುಖವಾಗಿರೋಣ ಎಂಬುದು ಆಸೆ. ಹುಡುಗಿಯೊಬ್ಬಳು ಹಾಗೆ ಅಂದುಕೊಂಡರೆ ತಪ್ಪೇನು? ನನಗಂತೂ ಆಕೆ ಇಷ್ಟವಾಗುವುದು ಈ ಬೇಡವೆನ್ನುವ ಮನಸ್ಸಿನಿಂದಲೇ.

ಓದು ಮುಗಿಸಿದ ಮೇಲೆ ತಾಯಿಗೆ ಕಾಯಿಲೆಯೆಂದು, ಸ್ವಲ್ಪ ಕಾಲದ ಮಟ್ಟಿಗೆ ಭಾರತಕ್ಕೆ ಬಂದರು. ಆಗ ತಂದೆ ತಿಂಡಿವನದಲ್ಲಿ ಡಾಕ್ಟರು. ಒಂದು ರಾತ್ರಿ ದೀಪದ ಬೆಳಕಿನಲ್ಲಿ ಇಡಾ ಕುಳಿತಿದ್ದಾಗ ವರಾಂಡದಲ್ಲಿ ಹೆಜ್ಜೆ ಸಪ್ಪಳ. ಬ್ರಾಹ್ಮಣರ ಯುವಕ. ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ನೀವು ಬರಬೇಕು ಎಂದ. ನನಗೇನೂ ಗೊತ್ತಿಲ್ಲ, ನಮ್ಮ ತಂದೆ ಡಾಕ್ಟರು, ಅವರು ಬರುತ್ತಾರೆ ಎಂದರೆ ಅವನು ಹಿಂದೆ ಸರಿದ. ಪರಪುರುಷ ಬಂದು ನೋಡುವುದು ಅವರ ಮನೆಯಲ್ಲಿ ಆಗದ ಮಾತು. ಅವನು ಹೋದ ಸ್ವಲ್ಪ ಹೊತ್ತಿಗೆ ಮುಸಲ್ಮಾನರೊಬ್ಬರು ಬಂದರು. ಅದೇ ಕೋರಿಕೆ, ಅದೇ ಉತ್ತರ. ಮತ್ತೆ ಮೂರನೆಯವನು, ಇನ್ನೊಂದು ಮೇಲುಜಾತಿಯ ಹಿಂದೂ. ಅವನೂ ತಲೆತಗ್ಗಿಸಿ ಹಾಗೆಯೇ ಹೋದ. ಬೆಳಗಾಗುವಾಗ ಊರಲ್ಲಿ ತಮಟೆಯ ಸದ್ದು. ಆಳನ್ನು ಕಳಿಸಿ ವಿಚಾರಿಸಿದರೆ, ಮೂವರು ಹೆಂಗಸರೂ ತೀರಿಕೊಂಡಿದ್ದರು.

ಈ ಕಥೆಯನ್ನು ನಮ್ಮ ಸಭೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ಹೇಳುವವರು ಸಾಮಾನ್ಯವಾಗಿ ಇಲ್ಲಿ ನಿಂತು ಆ ಮೂವರು ಗಂಡಂದಿರನ್ನು ಬೈಯುತ್ತಾರೆ. ಹೆಂಡತಿಯ ಪ್ರಾಣಕ್ಕಿಂತ ಆಚಾರ ದೊಡ್ಡದೇ ಎನ್ನುತ್ತಾರೆ. ನನಗೆ ಅದು ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ. ರಾತ್ರಿ ಹೊತ್ತಿನಲ್ಲಿ ಅಪರಿಚಿತರ ಬಂಗಲೆಗೆ ಓಡಿಬಂದವರು ಹೆಂಡತಿಯನ್ನು ಪ್ರೀತಿಸದವರಲ್ಲ. ನಮ್ಮ ಅಜ್ಜಿಯ ಕಾಲದಲ್ಲೂ ಸೂಲಗಿತ್ತಿಯ ಕೈಮೀರಿದರೆ ಉಳಿದದ್ದು ದೇವರ ಕೈ ಮಾತ್ರ. ಗಂಡು ಡಾಕ್ಟರನ್ನು ಹೆರಿಗೆ ಕೋಣೆಗೆ ಬಿಡಲು ಕ್ರೈಸ್ತರ ಮನೆಗಳಲ್ಲೂ ಹಿಂಜರಿಯುತ್ತಿದ್ದರೆಂದು ಅಜ್ಜಿಯೇ ಹೇಳುತ್ತಿದ್ದರು.

ಇಡಾ ಅವರು ಆ ಬೆಳಗ್ಗೆ ಮಾಡಿದ್ದೇನು ಎನ್ನುವುದು ಮುಖ್ಯ. ‘ಈ ಜನ ತಿದ್ದಿಕೊಳ್ಳಲಿ, ಆಮೇಲೆ ನೋಡೋಣ’ ಎನ್ನಲಿಲ್ಲ. ಅವರ ಆಚಾರ ಇದ್ದ ಹಾಗೆಯೇ ಇರಲಿ, ಆ ಬಾಗಿಲೊಳಗೆ ಹೋಗಬಲ್ಲವಳೊಬ್ಬಳು ಬೇಕು, ಅವಳು ನಾನೇ ಆಗಬೇಕು ಎಂದುಕೊಂಡರು. ಬದಲಾದದ್ದು ಬಾಗಿಲು ತಟ್ಟಿದವರಲ್ಲ, ಬಾಗಿಲ ಒಳಗಿದ್ದ ಹುಡುಗಿ. ಮದುವೆ, ಅಮೆರಿಕದ ಮನೆ ಎಲ್ಲ ಬದಿಗಾಯಿತು. 1895ರಲ್ಲಿ ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಓದು ಶುರು. ನ್ಯೂಯಾರ್ಕಿನ ಕಾರ್ನೆಲ್ ಕಾಲೇಜು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿದಾಗ ಅಲ್ಲಿಗೆ ಹೋಗಿ 1899ರಲ್ಲಿ ಡಾಕ್ಟರಾದರು. ಹೊರಡುವ ಮುನ್ನ ಆಸ್ಪತ್ರೆಗಾಗಿ ಹಣ ಕೂಡಿಸಬೇಕಿತ್ತು. ಶೆಲ್ ಎಂಬ ಬ್ಯಾಂಕಿನ ಸಾಹುಕಾರರು ತೀರಿಹೋದ ಹೆಂಡತಿಯ ನೆನಪಿಗೆಂದು 10,000 ಡಾಲರ್ ಕೊಟ್ಟರು.

1900ರಲ್ಲಿ ವೆಲ್ಲೂರಿಗೆ ಬಂದ ಕೆಲವೇ ತಿಂಗಳಿಗೆ ತಂದೆ ತೀರಿಕೊಂಡರು. ಅವರ ಕೈಕೆಳಗೆ ಪಳಗಬೇಕೆಂದಿದ್ದ ಮಗಳು ಒಂಟಿಯಾದರು. ಬಂಗಲೆಯ ಒಂದು ಚಿಕ್ಕ ಕೋಣೆಯೇ ದವಾಖಾನೆ. ಜನ ಒಮ್ಮೆಲೇ ಬಂದು ಮುತ್ತಲಿಲ್ಲ. ಬಿಳಿಯ ಹೆಂಗಸು, ಅದರಲ್ಲೂ ಚಿಕ್ಕ ವಯಸ್ಸಿನವಳು, ಯಾರು ನಂಬುತ್ತಾರೆ? ಕೆಲಸದವರ ಮನೆಯ ಸಲೋಮಿ ಎಂಬ ಹೆಂಗಸನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಬ್ಯಾಂಡೇಜು ಕಟ್ಟುವುದು, ಔಷಧಿ ಅಳೆಯುವುದು ಕಲಿಸಿದರು. ಆ ಮೊದಲ ಎರಡು ವರ್ಷದಲ್ಲಿ 5,000 ರೋಗಿಗಳಿಗೆ ಚಿಕಿತ್ಸೆ ನಡೆಯಿತು. 1902ರಲ್ಲಿ 40 ಹಾಸಿಗೆಗಳ ಮೇರಿ ಟೇಬರ್ ಶೆಲ್ ಆಸ್ಪತ್ರೆ ತೆರೆಯಿತು. ಪುಸ್ತಕಗಳಲ್ಲಿ ಸಾಹುಕಾರರ ಪತ್ನಿಯ ಹೆಸರು ದೊಡ್ಡದಾಗಿ ಬರುತ್ತದೆ. ಸಲೋಮಿಯದು ಒಂದೆರಡು ಸಾಲು. ಆದರೆ ಊರಿನ ಹೆಂಗಸರು ಧೈರ್ಯವಾಗಿ ಒಳಗೆ ಬಂದದ್ದರಲ್ಲಿ, ತಮ್ಮ ಭಾಷೆಯಲ್ಲೇ ಸಮಾಧಾನ ಹೇಳುವ ತಮ್ಮೂರಿನವಳೊಬ್ಬಳು ಅಲ್ಲಿ ನಿಂತಿದ್ದಳೆಂಬುದರ ಪಾಲು ಸಣ್ಣದಿರಲಾರದು.

ಅತ್ತೆಯವರು ಗುಣವಾಗಿ ಬಂದ ವರ್ಷ ನಮ್ಮ ಚರ್ಚಿನ ಸ್ತ್ರೀಸಮಾಜದಲ್ಲಿ ನನಗೆ ಮಾತನಾಡಲು ಹೇಳಿದ್ದರು. ವಿಷಯ ‘ಸುತ್ತಲಿನವರ ಮೇಲೆ ಕ್ರೈಸ್ತ ಸ್ತ್ರೀಯ ಪ್ರಭಾವ’. ಇಂಥ ವಿಷಯಕ್ಕೆ ಬರುವ ಭಾಷಣಗಳು ನಿಮಗೂ ಗೊತ್ತು: ಕೋಪಿಸಿಕೊಳ್ಳಬೇಡಿ, ಚಾಡಿ ಹೇಳಬೇಡಿ, ಪಕ್ಕದ ಮನೆಯವರು ನಿಮ್ಮನ್ನು ನೋಡುತ್ತಿದ್ದಾರೆ. ಪಕ್ಕದ ಮನೆಯವರು ನೋಡುತ್ತಿದ್ದಾರೆಂದು ಒಳ್ಳೆಯವರಾಗಿರುವುದು ನಾಟಕವಲ್ಲವೇ? ನಾನು ಇಡಾ ಅವರ ಕಥೆಯನ್ನೇ ಹೇಳಿದೆ. ಮುಗಿದ ಮೇಲೆ ಹಿರಿಯರೊಬ್ಬರು, “ಎಲ್ಲ ಸರಿ ಕಣಮ್ಮಾ, ಎಷ್ಟು ಜನ ಕರ್ತನನ್ನ ನಂಬಿದ್ರು ಅಂತ ನೀನು ಹೇಳಲೇ ಇಲ್ಲ” ಎಂದರು. ಇದೇ ಪ್ರಶ್ನೆಯನ್ನು ನಮ್ಮ ಬೀದಿಯ ಹಿಂದೂ ಗೆಳತಿಯರು ಇನ್ನೊಂದು ದನಿಯಲ್ಲಿ ಕೇಳುತ್ತಾರೆ: “ಆಸ್ಪತ್ರೆ ಕಟ್ಟಿದ್ದು ಮತಾಂತರಕ್ಕೇ ತಾನೇ?”

ಮುಚ್ಚಿಡುವುದೇನಿಲ್ಲ. ಇಡಾ ಮಿಷನರಿಯೇ. ತಾನು ನಂಬಿದ್ದನ್ನು ಇತರರೂ ತಿಳಿಯಲೆಂಬ ಆಸೆ ಅವರಿಗಿತ್ತು. ಜೊತೆಯಲ್ಲಿ ಬಂದ ಗೆಳತಿ ಆನಿ ಹ್ಯಾನ್‌ಕಾಕ್, ಹೊರಗೆ ಬಾರದ ಹಿಂದೂ, ಮುಸ್ಲಿಂ ಹೆಂಗಸರ ಮನೆಗಳಿಗೆ ಹೋಗಿ ಬೈಬಲ್ಲಿನ ಕಥೆ ಹೇಳುತ್ತಿದ್ದರು. ಆದರೆ ಮತ ಬಿಟ್ಟವರಿಗಷ್ಟೇ ಔಷಧಿ ಎಂಬ ಷರತ್ತು ಆ ಆಸ್ಪತ್ರೆಯಲ್ಲಿ ಇರಲಿಲ್ಲ. ಚಿಂತಾಮಣಿಯ ಆ ಸೊಸೆ ನಮಾಜು ಬಿಡದೆಯೇ ಗಂಡನನ್ನು ಗುಣಪಡಿಸಿಕೊಂಡು ಹೋದಳು. ನಮ್ಮ ಹಿರಿಯರಿಗೂ ಬೀದಿಯ ಗೆಳತಿಯರಿಗೂ ನನ್ನ ಹತ್ತಿರವಿರುವ ಉತ್ತರ ಇಷ್ಟೇ.

1909ರಲ್ಲಿ ದಾದಿಯರ ತರಬೇತಿ ಶಾಲೆ ಪ್ರಾರಂಭವಾಯಿತು. ಅದೇ ಕಾಲಕ್ಕೆ ಒಂದು ಪ್ಯೂಜೊ ಕಾರೂ ಬಂತು. ಗುಡಿಯಾತಂ ರಸ್ತೆಯ ಮರಗಳ ಕೆಳಗೆ ನಿಲ್ಲಿಸಿ, ಕಾದಿದ್ದ ಹಳ್ಳಿಯವರ ಹುಣ್ಣು ತೊಳೆದು ಔಷಧಿ ಕೊಡುತ್ತಿದ್ದರು. ಆದರೂ ಒಬ್ಬಳು ಎಷ್ಟು ಮನೆಗೆ ಹೋದಾಳು? ನಮ್ಮ ಹುಡುಗಿಯರೇ ಡಾಕ್ಟರಾಗಬೇಕು ಎಂದು ಇಡಾ ಹಟ ಹಿಡಿದರು. ಆರು ಹುಡುಗಿಯರು ಸಿಕ್ಕರೆ ಶಾಲೆ ಶುರುಮಾಡಿ ಎಂದು ಮದರಾಸಿನ ಸರ್ಜನ್ ಜನರಲ್ ಸಾಹೇಬರು ಅರೆಮನಸ್ಸಿನಿಂದ ಹೇಳಿದರಂತೆ. ಬಂದ ಅರ್ಜಿಗಳು 151. ಅವರಲ್ಲಿ 17 ಮಂದಿಯನ್ನು ಆರಿಸಿಕೊಂಡು 1918ರಲ್ಲಿ ಪಾಠ ಆರಂಭಿಸಿದರು. 1922ರಲ್ಲಿ ಪರೀಕ್ಷೆಗೆ ಕುಳಿತ 14 ಹುಡುಗಿಯರೂ ತೇರ್ಗಡೆಯಾದರು. ಹಿಂದೆ ಹೆರಿಗೆಯಲ್ಲಿ ಬಾಗಿಲು ಮುಚ್ಚಿಕೊಂಡು ಸಾಯುತ್ತಿದ್ದ ವಯಸ್ಸಿನವರೇ ಇವರು.

ನಡುವಿನ ವರ್ಷಗಳನ್ನು ಬಿಡುತ್ತೇನೆ. 1930ರ ದಶಕದ ಕೊನೆಗೆ ಕಷ್ಟ ಬಂತು. ಡಿಪ್ಲೊಮಾ ಸಾಲದು, ವಿಶ್ವವಿದ್ಯಾನಿಲಯದ ಪದವಿಯೇ ಬೇಕು ಎಂದು ಮದರಾಸು ಸರ್ಕಾರ ನಿಯಮ ಮಾಡಿತು. ಅದಕ್ಕೆ ಬೇಕಾದ ಹಣ ಅಪಾರ. ಗಂಡುಮಕ್ಕಳನ್ನೂ ಸೇರಿಸಿಕೊಂಡರೆ ಇತರ ಮಿಷನ್ನುಗಳು ಕೈಜೋಡಿಸುತ್ತವೆ ಎಂಬ ಸಲಹೆ ಬಂತು. ವರ್ಷಗಟ್ಟಲೆ ಹಣ ಕೂಡಿಸಿಕೊಟ್ಟಿದ್ದ ಲೂಸಿ ಪೀಬಾಡಿ ಇದನ್ನು ಖಡಾಖಂಡಿತವಾಗಿ ವಿರೋಧಿಸಿದರು. ಹೆಂಗಸರು ಹೆಂಗಸರಿಗಾಗಿ ಕೊಟ್ಟ ಹಣ ಅದು ಎಂಬ ಅವರ ವಾದದಲ್ಲಿ ನ್ಯಾಯವಿತ್ತು, ನನಗೂ ಹಾಗೆ ಅನ್ನಿಸುತ್ತದೆ. ಎಪ್ಪತ್ತು ದಾಟಿದ ಇಡಾ ಇಬ್ಬಗೆಯಲ್ಲಿ ಬೆಂದು, ಕೊನೆಗೆ ಬಾಗಿಲು ತೆರೆಯಲು ಒಪ್ಪಿದರು. ಹಳೆಯ ಗೆಳತಿಯ ಮನಸ್ಸು ಮುರಿಯಿತು. ಕಾಲೇಜು ಉಳಿಯಿತು. ಆ ರಾತ್ರಿಯ ಹುಡುಗಿಯೇ ಮತ್ತೊಮ್ಮೆ ತನ್ನನ್ನು ಬದಲಿಸಿಕೊಂಡರು ಎಂದು ನಾನು ಓದಿಕೊಳ್ಳುತ್ತೇನೆ. 1960ರ ಮೇ ತಿಂಗಳಲ್ಲಿ ಕೊಡೈಕನಾಲಿನಲ್ಲಿ ಅವರು ತೀರಿಕೊಂಡರು.

ಅಲ್ಲಿ ಓದಿದವರಲ್ಲಿ ಕೇರಳದ ಮೇರಿ ವರ್ಗೀಸ್ ಒಬ್ಬರು. 1954ರಲ್ಲಿ ಕಾರು ಅಪಘಾತದಲ್ಲಿ ಅವರ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದಂತಾಯಿತು. ಕುಷ್ಠರೋಗಿಗಳ ಮಡಿಸಿಹೋದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸುತ್ತಿದ್ದ ಡಾ. ಪಾಲ್ ಬ್ರ್ಯಾಂಡ್, ಆ ಕೆಲಸವನ್ನು ಕುಳಿತೇ ಮಾಡಬಹುದು ಎಂದು ಹುರಿದುಂಬಿಸಿದರು. ಮೇರಿ ಗಾಲಿಕುರ್ಚಿಯಲ್ಲಿ ಕುಳಿತು ಶಸ್ತ್ರಚಿಕಿತ್ಸೆ ಕಲಿತರು. ಮುಂದೆ ವಿದೇಶಕ್ಕೆ ಹೋಗಿ ಪುನರ್ವಸತಿ ವೈದ್ಯವನ್ನು ಓದಿ ಬಂದರು. 1966ರಲ್ಲಿ ವೆಲ್ಲೂರಿನ ಬಾಗಾಯಂನಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ಮರದಿಂದ ಬಿದ್ದು, ಬಾವಿಗೆ ಬಿದ್ದು ಬೆನ್ನು ಮುರಿದುಕೊಂಡವರನ್ನು ಮಂಚದ ಮೇಲೆ ಹೊತ್ತು ತರುತ್ತಿದ್ದರು. ಅವರನ್ನು ನೋಡಲು ಬರುತ್ತಿದ್ದ ಡಾಕ್ಟರಮ್ಮ ತಾವೇ ಗಾಲಿಕುರ್ಚಿ ತಳ್ಳಿಕೊಂಡು ಬರುತ್ತಿದ್ದರು.