ಪಾದುವಾದ ಸಂತರೂ ಸಾಲಗಾರರ ಕಲ್ಲೂ



ಜೂನ್ 13ರಂದು ನಾವು ಸಂತ ಅಂತೋಣಿಯವರ ಹಬ್ಬವನ್ನು ಆಚರಿಸುತ್ತೇವೆ. ಅವರು ಹುಟ್ಟಿದ್ದು ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ. ಇಟಲಿಯ ಪಾದುವಾದಲ್ಲಿ ಅವರಿದ್ದುದು ಬಾಳಿನ ಕೊನೆಯ ಸ್ವಲ್ಪ ಕಾಲ ಮಾತ್ರ. ಆದರೂ ಜಗತ್ತು ಅವರನ್ನು ಪಾದುವಾದ ಅಂತೋಣಿ ಎಂದೇ ಕರೆಯುತ್ತದೆ. ಏಕೆಂದು ತಿಳಿಯಲು ಆ ನಗರದ ಕಥೆಯನ್ನು ನಾವು ಸ್ವಲ್ಪ ಅರಿಯಬೇಕು.

ಪಾದುವಾ ವೆನಿಸ್ಸಿಗೆ ಸಮೀಪದ ಪುರಾತನ ನಗರ. ಅಲ್ಲಿನ ವಿಶ್ವವಿದ್ಯಾಲಯ ಆರಂಭವಾದದ್ದು 1222ರಲ್ಲಿ. ಗೆಲಿಲಿಯೋ 1592ರಿಂದ 1610ರವರೆಗೆ ಅಲ್ಲಿ ಪಾಠ ಹೇಳಿದರು. ತಮ್ಮೂರಿನ ಬಗ್ಗೆ ಅಲ್ಲಿಯ ಜನ ಒಂದು ತಮಾಷೆಯ ಮಾತು ಹೇಳುತ್ತಾರೆ: ಹುಲ್ಲಿಲ್ಲದ ಹುಲ್ಲುಗಾವಲು, ಬಾಗಿಲಿಲ್ಲದ ಕಾಫಿಮನೆ, ಹೆಸರಿಲ್ಲದ ಸಂತ. ಹುಲ್ಲುಗಾವಲೆಂದರೆ 'ಪ್ರಾತೋ ದೆಲ್ಲಾ ವಾಲ್ಲೆ' ಎಂಬ ವಿಶಾಲ ಚೌಕ. 1831ರಲ್ಲಿ ತೆರೆದ ಪೆದ್ರೋಕ್ಕಿ ಕಾಫಿಮನೆ 1916ರವರೆಗೆ ಹಗಲಿರುಳೂ ಮುಚ್ಚುತ್ತಿರಲಿಲ್ಲ. ಇನ್ನು ಸಂತ ಅಂತೋಣಿಯವರನ್ನು ಜನ ಹೆಸರು ಹೇಳದೆ 'ಇಲ್ ಸಾಂತೋ', ಅಂದರೆ 'ಸಂತರು' ಎಂದಷ್ಟೇ ಕರೆಯುತ್ತಾರೆ. ಸಂತರೆಂದರೆ ಅವರಿಗೆ ಇವರೊಬ್ಬರೇ!

ಈ ಪ್ರೀತಿ ಬರಿದೇ ಬಂದದ್ದಲ್ಲ. ಆ ಕಾಲದ ಪಾದುವಾ ವ್ಯಾಪಾರದಿಂದ ಕೊಬ್ಬಿದ ನಗರ. ಬಡ್ಡಿ ವ್ಯವಹಾರಕ್ಕೂ ಅದು ಹೆಸರಾಗಿತ್ತು. ಅಲ್ಲಿನ ಸ್ಕ್ರೊವೇಞಿ ಮನೆತನದ ಒಬ್ಬ ಬಡ್ಡಿಕೋರನನ್ನು ಮಹಾಕವಿ ದಾಂತೆ ತನ್ನ ಕಾವ್ಯದಲ್ಲಿ ನರಕದಲ್ಲೇ ಕೂರಿಸಿದ್ದಾನೆ. ಅದೇ ಮನೆತನದ ಎನ್ರಿಕೋ ಕಟ್ಟಿಸಿದ ಚಾಪೆಲ್ 1305ರಲ್ಲಿ ಪ್ರತಿಷ್ಠೆಗೊಂಡಿತು. ಅದರ ಗೋಡೆಗಳ ಮೇಲೆ ಜ್ಯೊತ್ತೊ ಬರೆದ ಚಿತ್ರಗಳನ್ನು ಜಗತ್ತೇ ಇಂದು ನೋಡಲು ಬರುತ್ತದೆ.

ಸಾಲ ತೀರಿಸಲಾಗದ ಬಡವನ ಗತಿ ಆಗ ಸೆರೆಮನೆ. ದುಡಿಯುವವನೇ ಸೆರೆಯಲ್ಲಿದ್ದರೆ ಸಾಲ ತೀರುವುದು ಹೇಗೆ? ಹೆಂಡತಿ ಮಕ್ಕಳು ಉಣ್ಣುವುದೇನು? 1231ರ ತಪಸ್ಸುಕಾಲದಲ್ಲಿ ಅಂತೋಣಿಯವರು ಪಾದುವಾದಲ್ಲಿ ದಿನವೂ ಪ್ರಬೋಧನೆ ಮಾಡಿದರು. ಅದೇ ಮಾರ್ಚ್ ತಿಂಗಳಲ್ಲಿ, ಅವರ ಕೋರಿಕೆಯ ಮೇರೆಗೆ, ನಗರಸಭೆ ಒಂದು ಶಾಸನ ಮಾಡಿತು: ತನ್ನ ಆಸ್ತಿಯನ್ನು ಬಿಟ್ಟುಕೊಡುವ ಸಾಲಗಾರನನ್ನು ಇನ್ನು ಮುಂದೆ ಸೆರೆಗೆ ಹಾಕುವಂತಿಲ್ಲ. ಸಾಲ ಮನ್ನಾ ಆಗಲಿಲ್ಲ, ಸಾಲ ಕೊಟ್ಟವನ ಹಕ್ಕೂ ಅಳಿಯಲಿಲ್ಲ. ಆದರೆ ಮನುಷ್ಯನ ದೇಹ ಸಾಲಕ್ಕೆ ಅಡವಲ್ಲ ಎಂಬುದು ಕಾನೂನಾಯಿತು.

ಪಾದುವಾದ ಹಳೆಯ ನ್ಯಾಯಮಂದಿರದಲ್ಲಿ ಇಂದಿಗೂ ಒಂದು ಕರಿಯ ಕಲ್ಲಿದೆ. 'ಅವಮಾನದ ಕಲ್ಲು' ಎಂದು ಅದರ ಹೆಸರು. ದಿವಾಳಿಯಾದವನು ಒಳ ಉಡುಪಿನಲ್ಲಿ, ಜನರೆದುರು ಮೂರು ಬಾರಿ ಅದರ ಮೇಲೆ ಕುಳಿತು, ಆಸ್ತಿ ಬಿಟ್ಟುಕೊಟ್ಟೆನೆಂದು ಹೇಳಿ ಊರು ಬಿಡಬೇಕಿತ್ತು. ಸೆರೆ ತಪ್ಪಿದರೂ ಅವಮಾನ ತಪ್ಪಲಿಲ್ಲ. ಕಾನೂನು ಬದಲಾದಷ್ಟು ಬೇಗ ಹೃದಯ ಬದಲಾಗುವುದಿಲ್ಲವಲ್ಲವೇ?

ಹೃದಯದ ಮಾತನ್ನೇ ಹೇಳುವ ಐತಿಹ್ಯವೊಂದುಂಟು. ಸತ್ತ ಜಿಪುಣನ ಎದೆಯಲ್ಲಿ ಹೃದಯವೇ ಇರಲಿಲ್ಲ, ಅದು ಅವನ ಹಣದ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ಶಿಲ್ಪಿ ದೊನಾತೆಲ್ಲೊ ಇದನ್ನು ಸಂತರ ಮಹಾದೇವಾಲಯದ ಪೀಠಕ್ಕಾಗಿ ಕಂಚಿನಲ್ಲಿ ಮೂಡಿಸಿದ್ದಾನೆ.

ಆ ಶಾಸನವಾದ ಮೂರೇ ತಿಂಗಳಿಗೆ, ಜೂನ್ 13ರಂದು, ಅಂತೋಣಿಯವರು ಪ್ರಭುವಿನಲ್ಲಿ ನಿದ್ರಿಸಿದರು. ವರ್ಷ ತುಂಬುವ ಮೊದಲೇ ಜಗದ್ಗುರು ಒಂಬತ್ತನೆಯ ಗ್ರೆಗೊರಿಯವರು ಅವರನ್ನು ಸಂತರೆಂದು ಘೋಷಿಸಿದರು. 1263ರಲ್ಲಿ ಸಮಾಧಿ ತೆರೆದಾಗ ಅವರ ನಾಲಿಗೆ ಕೆಡದೆ ಉಳಿದಿತ್ತು. ಬಡವರ ಪರವಾಗಿ ನುಡಿದ ನಾಲಿಗೆ ಅದು.

ಪ್ರಿಯರೇ, ದೋರ್ನಹಳ್ಳಿಗೆ ಹರಕೆ ಹೊತ್ತು ನಡೆಯುವ ನಾವು, ಕಳೆದುಹೋದ ವಸ್ತುವಿಗಾಗಿ ಸಂತರನ್ನು ಬೇಡುತ್ತೇವೆ. ಮೀಟರ್ ಬಡ್ಡಿಗೆ ಸಿಕ್ಕಿ ಮಾನ ಕಳೆದುಕೊಂಡ ನೆರೆಯವನೂ ನಮಗೆ ನೆನಪಾಗಲಿ. ನಾವು ಕೊಟ್ಟ ಕೈಸಾಲ ಯಾರ ಮನೆಯ ಒಲೆಯನ್ನೂ ಆರಿಸದಿರಲಿ. ಹಬ್ಬದ ದಿನ ದೀಪ ಹಚ್ಚುವ ಮುನ್ನ ನಮ್ಮ ಹೃದಯ ಎದೆಯಲ್ಲಿದೆಯೋ ಪೆಟ್ಟಿಗೆಯಲ್ಲಿದೆಯೋ ನೋಡಿಕೊಳ್ಳೋಣ. ಸಂತ ಅಂತೋಣಿಯವರೇ, ನಮಗಾಗಿ ಪ್ರಾರ್ಥಿಸಿರಿ.