ಮನೆಗಿಂತ ಮೊದಲು ಏರಿಯಾ

ಬೆಂಗಳೂರಿನಲ್ಲಿ ಮಕ್ಕಳೊಂದಿಗರು ಬಾಡಿಗೆ ಮನೆ ಬದಲಿಸುವ ಕಾಲ ಹೆಚ್ಚುಕಡಿಮೆ ಗೊತ್ತಾದದ್ದೇ. ಏಪ್ರಿಲ್ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ, ಜೂನ್‌ಗೆ ಸ್ಕೂಲು ಶುರು. ಇನ್ನೂ ತಡ ಮಾಡಿದರೆ ಆಷಾಢ ಬಂದುಬಿಡುತ್ತದೆ. ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಮನೆಯ ಹಿರಿಯರು ಒಪ್ಪುವುದಿಲ್ಲ, ಅದು ಬಾಡಿಗೆ ಮನೆಯೇ ಆದರೂ. ಈ ಸಂದಿನಲ್ಲೇ ಗಂಡ ಹೆಂಡತಿ ಬೀದಿ ಬೀದಿ ತಿರುಗಿ ಟು-ಲೆಟ್ ಬೋರ್ಡು ಹುಡುಕಬೇಕು. ಆದರೆ ಯಾವ ಬೀದಿಗಳಲ್ಲಿ ತಿರುಗಬೇಕೆಂಬುದು ಮನೆ ಬಿಡುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಹೀಗೆ ಏರಿಯಾ ಆರಿಸುವ ಅವಕಾಶ ಈ ಊರಿನವರಿಗೆ ಸಿಕ್ಕಿ ಬಹಳ ಕಾಲವೇನೂ ಆಗಿಲ್ಲ.

ಹಳೆಯ ಪೇಟೆಯಲ್ಲಿ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ ಎಂಬ ಹೆಸರುಗಳೇ ಹೇಳುವಂತೆ ಕಸುಬು, ಜಾತಿ, ಸಂಸಾರ ಮೂರೂ ಒಂದೇ ಬೀದಿಯಲ್ಲಿದ್ದವು. ಬೀದಿಗೆ ಅಂಗಡಿ, ಅದರ ಹಿಂದೆ ಮನೆ. 1892ರಲ್ಲಿ ಚಾಮರಾಜಪೇಟೆ ಎದ್ದಾಗ ಪೇಟೆಯಾಚೆ ಒಂದು ಬಡಾವಣೆ ಸಿಕ್ಕಿತೇನೋ ನಿಜ. ಆದರೆ ಜನರನ್ನು ದೊಡ್ಡ ಪ್ರಮಾಣದಲ್ಲಿ ಹೊರಗೆ ತಳ್ಳಿದ್ದು ಪ್ಲೇಗು.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. 1891ರ ಜನಗಣತಿಯಲ್ಲಿ ಪೇಟೆ ಮತ್ತು ದಂಡು (ಕಂಟೋನ್ಮೆಂಟ್) ಸೇರಿ ಸುಮಾರು 1.80 ಲಕ್ಷ ಜನರಿದ್ದ ಊರು 1901ರ ಹೊತ್ತಿಗೆ 1.59 ಲಕ್ಷಕ್ಕೆ ಇಳಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಮನೆಗಳನ್ನು ತಪ್ಪಿಸಲೆಂದೇ ಮೈಸೂರು ಸರ್ಕಾರ ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆ ರಚಿಸಿತು. ನೇರ ರಸ್ತೆಗಳು, ಮನೆಯ ಸುತ್ತ ಬಯಲು, ಮಲ ಹೊರುವವರು ಓಡಾಡಲು ಹಿತ್ತಲಿಗೆ ಹೊಂದಿ ಕನ್ಸರ್ವೆನ್ಸಿ ಓಣಿ. ದಂಡಿನ ಕಡೆ ಪ್ಲೇಗು ತಡೆಯುವ ಮನೆಗಳ ಮಾದರಿಯೆಂದು 1910ರ ಸುಮಾರಿಗೆ ಫ್ರೇಜರ್ ಟೌನ್ ತಲೆಯೆತ್ತಿತು. ಅದರ ಹೆಸರು ಆಗಿನ ಬ್ರಿಟಿಷ್ ರೆಸಿಡೆಂಟ್ ಸ್ಟೂವರ್ಟ್ ಫ್ರೇಜರ್‌ನದು. ಎಳೆಯ ಮಕ್ಕಳಿರುವ ಮನೆಗೆ ಗಾಳಿ ಬೆಳಕು ಬೇಕೆಂದು ಇಂದಿಗೂ ಹಿರಿಯರು ಹೇಳುವ ಮಾತಿನ ಹಿಂದೆ ಪ್ಲೇಗು ತಂದ ಇಲಿಗಳ ಭಯದ ಪಾಲೂ ಇದೆ.

ಬಡಾವಣೆ ಹೊಸದಾದರೂ ಅದರೊಳಗಿನ ಗೆರೆ ಹಳೆಯದೇ. ಆ ಕಾಲದ ಬಡಾವಣೆಗಳಲ್ಲಿ ನಿವೇಶನ ಹಂಚುವಾಗ ಜಾತಿ, ಸಮುದಾಯಗಳನ್ನು ನೋಡಿ ಬ್ಲಾಕುಗಳನ್ನು ಬೇರೆ ಮಾಡಿದ್ದರು. ರೋಗಕ್ಕೆ ಹೆದರಿ ಪೇಟೆ ಬಿಟ್ಟವರು ಪೇಟೆಯ ಬೇಲಿಯನ್ನೂ ಹೊತ್ತುಕೊಂಡೇ ಬಂದರು. ‘ಒಳ್ಳೆಯ ಏರಿಯಾ’ ಎಂಬ ಬಿರುದಿನಲ್ಲಿ ಶುಚಿಯಾದ ರಸ್ತೆಯ ಜೊತೆಗೆ ಪಕ್ಕದ ಮನೆಯವರು ಯಾರೆಂಬ ಲೆಕ್ಕವೂ ಅಂದೇ ಸೇರಿಕೊಂಡಿತು.

ವಿಶಾಲ ನಿವೇಶನ ಕೊಂಡವರು ವಕೀಲರು, ಅಧಿಕಾರಿಗಳು, ವರ್ತಕರು. ಬಾಡಿಗೆದಾರ ಈ ಬಡಾವಣೆಗಳಿಗೆ ಬಂದದ್ದು ಹೆಚ್ಚಾಗಿ ಹಿತ್ತಲ ದಾರಿಯಿಂದ. ಮಕ್ಕಳ ಮದುವೆಗೋ ನಿವೃತ್ತಿಯ ಖರ್ಚಿಗೋ ದುಡ್ಡು ಬೇಕಾದಾಗ ಮಾಲೀಕರು ಖಾಲಿ ಜಾಗದಲ್ಲಿ ಔಟ್‌ಹೌಸ್ ಕಟ್ಟಿದರು, ಇನ್ನೂ ಜಾಗವಿದ್ದರೆ ಸಾಲಾಗಿ ಆರೆಂಟು ಮನೆ ಎಬ್ಬಿಸಿ ವಠಾರ ಮಾಡಿದರು. ಒಂದು ನಡುಮನೆ, ಒಂದು ಅಡುಗೆಮನೆ, ಎಲ್ಲರಿಗೂ ಸೇರಿ ಒಂದು ನಲ್ಲಿ. ಹಾಸನ, ತುಮಕೂರು, ಕೋಲಾರ ಕಡೆಯ ಕುಟುಂಬಗಳು ಮಕ್ಕಳ ಓದಿಗೆಂದು ಬಂದು ನಿಲ್ಲುತ್ತಿದ್ದದ್ದು ಇಂಥಲ್ಲೇ. ಬಸವನಗುಡಿಯಲ್ಲಿ 1917ರಿಂದ ನ್ಯಾಷನಲ್ ಹೈಸ್ಕೂಲ್ ಇತ್ತು. ನಡೆದು ಹೋಗುವಷ್ಟು ದೂರದಲ್ಲಿ ಇಂಥ ಶಾಲೆಯಿದ್ದರೆ ಮನೆ ಚಿಕ್ಕದಾದರೂ ಚಿಂತೆಯಿಲ್ಲ ಎನ್ನುತ್ತಿದ್ದರು. ಅಪ್ಪ ಊರಲ್ಲಿ ಜಮೀನು ನೋಡಿಕೊಂಡಿದ್ದರೆ, ಅಜ್ಜಿ ಇಲ್ಲಿ ಮೊಮ್ಮಕ್ಕಳಿಗೆ ಅಡುಗೆ ಮಾಡಿಕೊಂಡು ಬಾಡಿಗೆ ಮನೆ ನಡೆಸುವುದೂ ಇತ್ತು.

ವಠಾರದ ಲಾಭ ನಷ್ಟಗಳೆರಡೂ ಹೆಂಗಸರಿಗೇ ಹೆಚ್ಚು ಗೊತ್ತು. ಮಗುವನ್ನು ಎದುರು ಮನೆಯಲ್ಲಿ ಬಿಟ್ಟು ಮಾರ್ಕೆಟ್ಟಿಗೆ ಹೋಗಬಹುದಿತ್ತು, ಆದರೆ ನಲ್ಲಿಯ ಮುಂದೆ ಕೊಡ ಯಾರದು ಮೊದಲು ಎಂಬ ಜಗಳ ತಪ್ಪುತ್ತಿರಲಿಲ್ಲ. ಓನರ್ ಮನೆಯಾಕೆ ನೀರಿನ ಲೆಕ್ಕ ಇಟ್ಟಷ್ಟೇ ಕಟ್ಟುನಿಟ್ಟಾಗಿ ಬಂದುಹೋಗುವ ನೆಂಟರ ಲೆಕ್ಕವನ್ನೂ ಇಡುತ್ತಿದ್ದಳು. 1990ರ ‘ಗಣೇಶನ ಮದುವೆ’ ಚಿತ್ರದಲ್ಲಿ ವಠಾರದ ಮಾಲೀಕನಾಗಿ ಮುಖ್ಯಮಂತ್ರಿ ಚಂದ್ರು, ಬಾಡಿಗೆದಾರನಾಗಿ ಅನಂತ್ ನಾಗ್ ಕಿತ್ತಾಡುವುದನ್ನು ಕಂಡು ಜನ ಬಿದ್ದು ಬಿದ್ದು ನಕ್ಕರು. ಅದರಲ್ಲಿ ಅರ್ಧ ನಗು ಸ್ವಂತ ಅನುಭವದ್ದು.

ಎರಡನೇ ಮಹಾಯುದ್ಧ ಲೆಕ್ಕಾಚಾರವನ್ನೆಲ್ಲ ಕಲಕಿತು. 1940ರಲ್ಲಿ ಎಚ್‌ಎಎಲ್ ಬಂತು, ಮುಂದೆ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ ಹತ್ತೇ ವರ್ಷಕ್ಕೆ 7.8 ಲಕ್ಷ ಮುಟ್ಟಿತು. ಫ್ಯಾಕ್ಟರಿ ನೌಕರರಿಗೆ ಮನೆ ಆರಿಸುವ ಅಳತೆಗೋಲೇ ಬೇರೆಯಾಯಿತು: ಬೆಳಗಿನ ಶಿಫ್ಟಿಗೆ ಕಂಪನಿಯ ಬಸ್ಸು ಎಲ್ಲಿ ನಿಲ್ಲುತ್ತದೋ ಅದರ ಹತ್ತಿರ. 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಊರಿನ ಸುತ್ತ ಲೇಔಟುಗಳನ್ನು ಮಾಡತೊಡಗಿತು. 1948ರಲ್ಲಿ ಆಗಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿ ಜಯನಗರಕ್ಕೆ ಅಡಿಗಲ್ಲು ಹಾಕಿದರು. ಅದು ಇಷ್ಟು ದೂರ ಯಾರು ಹೋಗುತ್ತಾರೆ ಎನ್ನುವಂಥ ಜಾಗವಾಗಿತ್ತು. ಈಗ ಅಲ್ಲಿಯ ಬಾಡಿಗೆ ಕೇಳಿದರೆ ಎಳೆಯ ಸಂಸಾರಗಳು ಇನ್ನೂ ದೂರ ಹೋಗುತ್ತವೆ.

ಬಾಡಿಗೆದಾರನ ರಕ್ಷಣೆಗೆ ಬಂದ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಖಾಲಿಯಾದ ಮನೆಯ ಸುದ್ದಿಯನ್ನು ಮಾಲೀಕ ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು, ಆ ಮನೆ ಯಾರಿಗೆಂದು ಆತ ನಿರ್ಧರಿಸಬಹುದಿತ್ತು. ಒಮ್ಮೆ ಒಳಹೊಕ್ಕವರನ್ನು ಬಿಡಿಸುವುದು ಕಷ್ಟ, ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಅಲೆದಾಟ. ಆದ್ದರಿಂದ ಮಾಲೀಕರು ತಮ್ಮದೇ ಉಪಾಯ ಹುಡುಕಿಕೊಂಡರು. ಬ್ಯಾಂಕಿನವರು, ಕೇಂದ್ರ ಸರ್ಕಾರಿ ನೌಕರರೆಂದರೆ ಅವರಿಗೆ ಪ್ರೀತಿ. ಸಂಬಳ ಖಾತ್ರಿ, ವರ್ಗಾವಣೆಯೂ ಖಾತ್ರಿ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕಾದ್ದರಿಂದ ಹನ್ನೊಂದು ತಿಂಗಳ ಕರಾರು ರೂಢಿಯಾಯಿತು. ಹತ್ತು ತಿಂಗಳ ಅಡ್ವಾನ್ಸು ಬೆಂಗಳೂರಿನ ಅಲಿಖಿತ ಕಾನೂನೇ ಆಯಿತು. ಕೈಯಲ್ಲಿ ಒಂದಿಷ್ಟು ಗಂಟಿದ್ದವರು ಭೋಗ್ಯಕ್ಕೆ ಹಾಕಿಕೊಂಡು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ದುಡ್ಡು ವಾಪಸು ಪಡೆಯುತ್ತಿದ್ದರು. 1999ರ ಹೊಸ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಆ ಮೊತ್ತಕ್ಕೆ ಇವತ್ತು ಒಂದು ಕೋಣೆಯೂ ದುರ್ಲಭ.

ಕಾಯ್ದೆಗಳು ಮುಟ್ಟದೇ ಬಿಟ್ಟ ಒಂದು ಪ್ರಶ್ನೆ ಮಾತ್ರ ಗೇಟಿನಲ್ಲೇ ನಿಂತಿದೆ. ‘ನೀವು ಯಾವ ಜನ?’ ನೇರವಾಗಿ ಕೇಳಲು ಸಂಕೋಚವಾದವರು ಊರು ಕೇಳುತ್ತಾರೆ, ಅಪ್ಪನ ಹೆಸರು ಕೇಳುತ್ತಾರೆ, ಇಲ್ಲವೇ ಬೋರ್ಡಿನಲ್ಲೇ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆಸುತ್ತಾರೆ. ದಲಿತರಿಗೆ, ಮುಸ್ಲಿಮರಿಗೆ ಮನೆ ‘ಈಗಷ್ಟೇ ಕೊಟ್ಟಾಯಿತು’. ಏರಿಯಾ ಆರಿಸುವ ಸುಖ ಎಲ್ಲ ಸಂಸಾರಗಳಿಗೂ ಒಂದೇ ಸಮನಾಗಿ ಸಿಕ್ಕಿದೆ ಎನ್ನುವುದು ಅಪ್ಪಟ ಸುಳ್ಳು.

ಉಳಿದದ್ದು ನೀರು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ನಗರಕ್ಕೆ ಬಂದ ಮೇಲೆ ಕಾವೇರಿ ಇರುವ ಬೀದಿ, ಇಲ್ಲದ ಬೀದಿ ಎಂಬ ಹೊಸ ಭೇದ ಹುಟ್ಟಿತು. ಹೊರವಲಯದ ರೆವಿನ್ಯೂ ಸೈಟುಗಳಲ್ಲಿ ಎದ್ದ ಮನೆಗಳ ಬಾಡಿಗೆ ಕಡಿಮೆ, ಬದಲಿಗೆ ಬೋರ್‌ವೆಲ್ಲಿನ ಗಡಸು ನೀರು, ಬೇಸಿಗೆಯಲ್ಲಿ ಟ್ಯಾಂಕರು. ಐಟಿ ಕಂಪನಿಗಳ ಬೆನ್ನು ಹತ್ತಿ ವೈಟ್‌ಫೀಲ್ಡ್ ಕಡೆಗೆ ಹೋದವರು ಈ ಕಷ್ಟವನ್ನು 2024ರ ಬೇಸಿಗೆಯಲ್ಲಿ ಚೆನ್ನಾಗಿಯೇ ಉಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಪಾಲಿಕೆಗೆ ಸೇರಿದ್ದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಆ ಹಳ್ಳಿಗಳ ಕಡೆ ಮನೆ ನೋಡಲು ಹೋಗುವವರು ಈಗ ಅಡುಗೆಮನೆಗಿಂತ ಮೊದಲು ಸಂಪಿನ ಮುಚ್ಚಳ ತೆಗೆಸಿ ನೋಡುತ್ತಾರೆ, ಕನೆಕ್ಷನ್ ಬಂದಿದೆಯೋ ಅರ್ಜಿಯಷ್ಟೇ ಹಾಕಿದ್ದಾರೋ ಎಂದು ಓನರನ್ನು ಬಿಟ್ಟು ಪಕ್ಕದ ಮನೆಯವರನ್ನು ವಿಚಾರಿಸುತ್ತಾರೆ.